ಥೆರಪಿ ಹಾಳೆ ತೋರಿಸಿ ಎನ್ನಿ

ಮಾನ್ಯರೇ,

ಆಟಿಸಂ ಇರುವ ಮಕ್ಕಳ ಥೆರಪಿ ಕೇಂದ್ರಕ್ಕೆ ಶುಲ್ಕ ಕಟ್ಟುವ ಮೊದಲು, ಮಗುವಿನ ಜೊತೆ ದಿನವೂ ಕೂತು ಕಲಿಸುವ ಬಿಹೇವಿಯರ್ ಟೆಕ್ನಿಷಿಯನ್‌ಗೆ ಏನು ತರಬೇತಿಯಾಗಿದೆ ಎಂದು ಕೇಳುವವರು ಕಡಿಮೆ. ಅಮೆರಿಕದ ಆರ್‌ಬಿಟಿ (ರಿಜಿಸ್ಟರ್ಡ್ ಬಿಹೇವಿಯರ್ ಟೆಕ್ನಿಷಿಯನ್) ಪ್ರಮಾಣಪತ್ರಕ್ಕೆ 40 ಗಂಟೆ ತರಬೇತಿ, ಪರೀಕ್ಷೆ ಬೇಕು. ಆಮೇಲೂ ಪ್ರತಿ ತಿಂಗಳು ಕೆಲಸದ ಗಂಟೆಗಳಲ್ಲಿ ಕನಿಷ್ಠ ಶೇ 5ರಷ್ಟು ಮೇಲ್ವಿಚಾರಣೆ ಕಡ್ಡಾಯ. ಪ್ರಮಾಣಪತ್ರ ಇಲ್ಲದಿದ್ದರೂ ನಡೆದೀತು, ಮೇಲ್ವಿಚಾರಣೆ ಇಲ್ಲದಿದ್ದರೆ ನಡೆಯದು.

ಕಲಿಸುವ ಬಗೆಗೆ ಉದಾಹರಣೆಯಾಗಿ ಕೈ ತೊಳೆಯುವುದನ್ನೇ ನೋಡಿ. ನಲ್ಲಿ ತಿರುಗಿಸು, ಕೈ ಒದ್ದೆ ಮಾಡು, ಸೋಪು ಹಚ್ಚು, ಉಜ್ಜು, ತೊಳೆ, ನಲ್ಲಿ ನಿಲ್ಲಿಸು, ಒರೆಸು– ಏಳು ಹಂತ. ಮಗು ಒಪ್ಪಿದರೆ ಮೊದಲು ಕೈ ಹಿಡಿದು, ನಂತರ ಮೊಣಕೈ ಮುಟ್ಟಿ, ಕೊನೆಗೆ ಬೆರಳು ತೋರಿಸಿ ಸಹಾಯ ಇಳಿಸುತ್ತ ಬರಬೇಕು. ತಿಂಗಳುಗಟ್ಟಲೆ ‘ಸೋಪು ತಗೋ’ ಎನ್ನುತ್ತಲೇ ಇದ್ದರೆ ಒದ್ದೆ ಕೈ ಚಾಚಿಕೊಂಡು ಮಗು ನಮ್ಮ ಮಾತಿಗಾಗಿ ಕಾಯುತ್ತ ನಿಲ್ಲುತ್ತದೆ. ಮಾತಿನ ಸೂಚನೆ ಬಿಡಿಸುವುದೇ ಎಲ್ಲಕ್ಕಿಂತ ಕಷ್ಟ.

ಯಾವ ಹಂತಕ್ಕೆ ಎಷ್ಟು ಸಹಾಯ ಬೇಕಾಯಿತು ಎಂದು ಟೆಕ್ನಿಷಿಯನ್ ಥೆರಪಿ ಹಾಳೆಯಲ್ಲಿ ಆಗಿಂದಾಗಲೇ ಬರೆಯಬೇಕು. ಸಂಜೆ ನೆನಪಿನಿಂದ ತುಂಬಿದ ಹಾಳೆ ನಂಬುವಂಥದ್ದಲ್ಲ. ಪಾಲಕರು ಅದನ್ನು ವಾರಕ್ಕೊಮ್ಮೆಯಾದರೂ ಕೇಳಿ ನೋಡಲಿ. ಹಾಂ, ‘ಬಲವಂತವಾಗಿಯಾದರೂ ಕಣ್ಣಲ್ಲಿ ಕಣ್ಣಿಟ್ಟು ನೋಡಿಸುತ್ತೇವೆ’ ಎನ್ನುವ ಕೇಂದ್ರದ ಸಹವಾಸ ಬೇಡ.

– ಬಿಹೇವಿಯರ್ ಟೆಕ್ನಿಷಿಯನ್‌ಗಳು, ಬೆಂಗಳೂರು