‘ಶೇ 80 ಕಮಿಷನ್’ ಎಂಬ ಸಾಲು ಸಾಲದು

ಮಾನ್ಯ ಸಂಪಾದಕರೇ,

‘ರಿಯಲ್ ಎಸ್ಟೇಟ್ ಏಜೆಂಟರು ಬೇಕಾಗಿದ್ದಾರೆ, ಶೇ 80 ಕಮಿಷನ್, ಹವಾನಿಯಂತ್ರಿತ ಕಚೇರಿ’ ಎಂಬ ಬಗೆಯ ಜಾಹೀರಾತುಗಳಿಗೆ ವರ್ಗೀಕೃತ ಪುಟದಲ್ಲಿ ಬರವಿಲ್ಲ. ಹೊಸಬರು ಕಚೇರಿ ಆರಿಸಿಕೊಳ್ಳುವುದೂ ಹೆಚ್ಚಾಗಿ ಈ ಸಾಲನ್ನು ನೋಡಿಯೇ. ಆರು ತಿಂಗಳಾದ ಮೇಲೆ ಕೈಗೆ ಎಷ್ಟು ಬಂತು ಎಂದು ಕೂಡಿಸಿ ನೋಡಿದಾಗ ಆ 80 ಎಲ್ಲಿ ಹೋಯಿತೆಂದೇ ತಿಳಿಯದು. ಕಚೇರಿಯ ಗುಣ ಗೊತ್ತಾಗಬೇಕಾದರೆ ಅದರ ನಿಯಮಗಳನ್ನು ಕಾಗದದ ಮೇಲೆ ಕೇಳಿ ಪಡೆಯಬೇಕು. ಬಾಯಿಮಾತಿನಲ್ಲಿ ಎಲ್ಲ ಕಚೇರಿಯೂ ಒಳ್ಳೆಯದೇ.

ಮೊದಲು ಲೆಕ್ಕ. ಒಂದು ವ್ಯವಹಾರ ಮುಗಿದಾಗ ಕಚೇರಿಗೆ ಬರುವ ಕಮಿಷನ್ 100 ಎಂದಿಟ್ಟುಕೊಳ್ಳಿ. ಒಂದು ಕಚೇರಿ ಏಜೆಂಟರಿಗೆ 80 ಕೊಡುತ್ತದೆ. ಆದರೆ ತಿಂಗಳಿಗೆ 8 ಮೇಜಿನ ಬಾಡಿಗೆ, ಪ್ರತಿ ಫೈಲಿಗೆ 3 ದಾಖಲೆ ಶುಲ್ಕ ಹಿಡಿದುಕೊಳ್ಳುತ್ತದೆ. ಫೋಟೊ, ಜಾಹೀರಾತಿನ ಖರ್ಚು ವ್ಯವಹಾರಕ್ಕೆ 5, ಅದೂ ಏಜೆಂಟರದೇ. ಇನ್ನೊಂದು ಕಚೇರಿ ಕೊಡುವುದು 60 ಮಾತ್ರ, ಖರ್ಚೆಲ್ಲ ಅದರದು. ವರ್ಷಕ್ಕೆ 6 ವ್ಯವಹಾರ ಕುದುರಿಸುವವರಿಗೆ ಮೊದಲ ಕಚೇರಿಯಲ್ಲಿ 480 ಬಂದು, ಬಾಡಿಗೆ 96, ದಾಖಲೆ ಶುಲ್ಕ 18, ಜಾಹೀರಾತು 30 ಕಳೆದು 336 ಉಳಿಯುತ್ತದೆ. ಎರಡನೆಯದರಲ್ಲಿ 360. ವ್ಯವಹಾರ 8 ಆದಾಗ ಎರಡೂ ಕಡೆ 480ಕ್ಕೆ ಸಮವಾಗುತ್ತದೆ. 15 ಆದರೆ ಮೊದಲನೆಯದು 984, ಎರಡನೆಯದು 900. ಅಂದರೆ 80ರ ಕಚೇರಿ ಕೆಟ್ಟದ್ದೇನಲ್ಲ, ಕೈ ಪಳಗಿದವರಿಗೆ ಅದೇ ಸರಿ. ಏಜೆಂಟರು ಕಮಿಷನ್ ತಾವೇ ಇಟ್ಟುಕೊಂಡು ಕಚೇರಿಯ ಖರ್ಚಿಗೆ ಪಾಲು ಕಟ್ಟುವ ಪದ್ಧತಿಯನ್ನು ಜನಪ್ರಿಯಗೊಳಿಸಿದ್ದು 1973ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಶುರುವಾದ ರೀಮ್ಯಾಕ್ಸ್ ಕಂಪನಿ. ಅದು ಕಣ್ಣಿಟ್ಟಿದ್ದು ಆಗಲೇ ಚೆನ್ನಾಗಿ ವ್ಯಾಪಾರ ಮಾಡುತ್ತಿದ್ದ ಏಜೆಂಟರ ಮೇಲೆ. ಅದೇ ಪದ್ಧತಿಯನ್ನು ಮೊದಲ ವರ್ಷದವರ ತಲೆಗೆ ಕಟ್ಟಿದರೆ, ಒಂದೂ ವ್ಯವಹಾರವಾಗದ ತಿಂಗಳಲ್ಲೂ ಬಾಡಿಗೆ ಮಾತ್ರ ತಪ್ಪುವುದಿಲ್ಲ.

ಇದರೊಳಗೆ ಇನ್ನೊಂದು ಸೂಕ್ಷ್ಮವಿದೆ. ಕಚೇರಿಯೇ ಕೊಟ್ಟ ಲೀಡ್ (ಆಸ್ತಿ ವಿಚಾರಿಸಿ ಬಂದವರ ಹೆಸರು, ನಂಬರ್) ಆದರೆ ಶೇ 25 ಪ್ರತ್ಯೇಕ ಕಡಿತ ಎಂಬ ಷರತ್ತು ಹಲವು ಒಪ್ಪಂದಗಳ ಕೆಳಗಿನ ಸಾಲುಗಳಲ್ಲಿ ಕೂತಿರುತ್ತದೆ. ಒಟ್ಟು ಮೊತ್ತದಿಂದ ಮೊದಲು 25 ತೆಗೆದು, ಉಳಿದ 75ರಲ್ಲಿ ಶೇ 80 ಕೊಟ್ಟರೆ ಕೈಗೆ ಬರುವುದು 60. ಮೊದಲು 80 ಹಂಚಿ, ಆಮೇಲೆ ಏಜೆಂಟರ ಪಾಲಿನಿಂದ ಆ 25 ಹಿಡಿದರೆ 55. ಷರತ್ತಿನ ಮಾತು ಒಂದೇ, ಕಳೆಯುವ ಕ್ರಮ ಬೇರೆ. ಆದ್ದರಿಂದ ಸೇರುವ ಮುನ್ನ ಮುಗಿದ ವ್ಯವಹಾರವೊಂದರ ಪಾವತಿ ಚೀಟಿಯನ್ನು, ಹೆಸರು ಮುಚ್ಚಿಯಾದರೂ ಸರಿ, ತೋರಿಸಲು ಹೇಳಬೇಕು. ತೋರಿಸಲು ಹಿಂದೆಮುಂದೆ ನೋಡಿದರೆ ಅದೇ ಉತ್ತರ.

ಲೀಡ್ ಹಂಚಿಕೆ ಕಚೇರಿಯೊಳಗಿನ ಜಗಳಗಳ ತಾಯಿಬೇರು. ವಿಚಾರಿಸಿದವರಿಗೆ ಬೇಗ ಫೋನ್ ಮಾಡಿದಷ್ಟೂ ಲಾಭ ಎಂಬುದರಲ್ಲಿ ಅನುಮಾನವಿಲ್ಲ. ಅಂತರ್ಜಾಲದಲ್ಲಿ ಬಂದ ವಿಚಾರಣೆಗಳ ಬಗ್ಗೆ ಹಾರ್ವರ್ಡ್ ಬಿಸಿನೆಸ್ ರಿವ್ಯೂ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಗಂಟೆಯೊಳಗೆ ಸಂಪರ್ಕಿಸಿದ ಸಂಸ್ಥೆಗಳು ಅದಕ್ಕಿಂತ ಒಂದು ಗಂಟೆ ತಡಮಾಡಿದವಕ್ಕಿಂತ ಸುಮಾರು 7 ಪಟ್ಟು ಹೆಚ್ಚು ಬಾರಿ, ನಿರ್ಧಾರ ತೆಗೆದುಕೊಳ್ಳುವವರ ಜೊತೆ ಅರ್ಥವತ್ತಾದ ಮಾತುಕತೆ ನಡೆಸಿದ್ದವು. ಆದರೆ ಕರೆ ಬಂದಾಗ ಯಾರು ಕಚೇರಿಯಲ್ಲಿದ್ದರೋ ಅವರದೇ ಎಂದರೆ, ಸೈಟ್ ತೋರಿಸಲು ಬಿಸಿಲಲ್ಲಿ ಹೋದವರಿಗೆ ಸೊನ್ನೆ, ಕುರ್ಚಿ ಬಿಸಿ ಮಾಡಿದವರಿಗೆ ಪಾರ್ಟಿ, ಅಂದರೆ ಗಿರಾಕಿ. ಸರದಿ ಪಟ್ಟಿ ಇರಬೇಕು. ಸರದಿಯವರ ಮೊಬೈಲಿಗೆ ಸಂದೇಶ ಹೋಗಿ 10 ನಿಮಿಷದಲ್ಲಿ ಒಪ್ಪಿಕೊಳ್ಳದಿದ್ದರೆ ಮುಂದಿನವರಿಗೆ ದಾಟಬೇಕು. ಬಂದ ಸಮಯ, ಎಲ್ಲಿಂದ ಬಂತು, ಯಾರಿಗೆ ಹೋಯಿತು, ಮೊದಲ ಕರೆ ಯಾವಾಗ ಎಂಬುದು ಎಲ್ಲರೂ ನೋಡಬಹುದಾದ ಒಂದೇ ದಾಖಲೆಯಲ್ಲಿರಬೇಕು.

ಒಂದೇ ಪಾರ್ಟಿ ಇಬ್ಬರು ಏಜೆಂಟರ ಬಳಿ ಹೋದಾಗಲೂ ಈ ದಾಖಲೆಯೇ ಆಧಾರ. ‘ಮೊದಲು ಬರೆದುಕೊಂಡವರದು’ ಎಂಬುದಷ್ಟೇ ನಿಯಮವಾದರೆ ಸಿಕ್ಕ ಹೆಸರನ್ನೆಲ್ಲ ಬರೆದಿಟ್ಟು ವರ್ಷಗಟ್ಟಲೆ ಹಿಡಿದುಕೊಳ್ಳುವವರು ಹುಟ್ಟಿಕೊಳ್ಳುತ್ತಾರೆ. 30 ದಿನ ಸಂಪರ್ಕವಿಲ್ಲದಿದ್ದರೆ ಹಕ್ಕು ಹೋಗುತ್ತದೆ ಎಂಬ ಅವಧಿಯೂ ಅದರ ಜೊತೆಗಿರಬೇಕು. ಕಚೇರಿಯ ಮಾಲೀಕರೇ ಮಾರಾಟಕ್ಕೆ ಇಳಿಯುವ ಕಡೆ ಇನ್ನಷ್ಟು ಎಚ್ಚರ ಬೇಕು. ಒಳ್ಳೆಯ ಲೀಡನ್ನು ತಾವು ತೆಗೆದುಕೊಂಡು ಉಳಿದದ್ದನ್ನು ಹಂಚುವ ಆಸೆ ಮನುಷ್ಯಸಹಜ. ಅವರ ಹೆಸರೂ ಅದೇ ಸರದಿಯಲ್ಲಿದೆಯೇ, ವಿವಾದ ಬಂದಾಗ ತೀರ್ಮಾನ ಹೇಳುವವರು ಯಾರು ಎಂದು ಮುಖ ನೋಡಿ ಕೇಳಿಬಿಡುವುದು ಮೇಲು.

ಕಾಗದಪತ್ರದ ವಿಷಯದಲ್ಲಿ ಕೆಟ್ಟ ಕಚೇರಿಗಳೆಲ್ಲ ಮಾಡುವ ತಪ್ಪು ಒಂದೇ: ಕೊಳ್ಳುವವರು ಸಿಕ್ಕ ಮೇಲೆ ದಾಖಲೆ ಬಿಚ್ಚುವುದು. ಆಗ ಸಹಮಾಲೀಕರೊಬ್ಬರ ಸಹಿ ಇಲ್ಲ, ಆಸ್ತಿಯ ಮೇಲೆ ಸಾಲ ಬಾಕಿ ಇದೆ, ಅಧಿಕಾರ ಪತ್ರ ಬರೆದುಕೊಟ್ಟವರು ತೀರಿಕೊಂಡಿದ್ದಾರೆ ಎಂಬುದು ಒಂದೊಂದಾಗಿ ಹೊರಬೀಳುತ್ತದೆ. ಎರಡು ತಿಂಗಳ ಓಡಾಟ ನೀರಿನಲ್ಲಿ ಹೋಮ. ಜಾಹೀರಾತು ಹೊರಡುವ ಮೊದಲೇ ಫೈಲು ತೆರೆಯಬೇಕು: ಮಾರುವವರ ಗುರುತು, ಮಾಲೀಕತ್ವದ ಪತ್ರ, ಎಲ್ಲ ಪಾಲುದಾರರ ಒಪ್ಪಿಗೆ, ಸಾಲದ ಸ್ಥಿತಿ, ತೆರಿಗೆ ರಸೀದಿ, ಅಳತೆ. ಅಳತೆ ಗೋಡೆಯೊಳಗಿನದೋ, ಗೋಡೆ ಸೇರಿಸಿದ್ದೋ ಎಂದು ಬರೆಯದೆ ಬಿಟ್ಟದ್ದರಿಂದ ಮುರಿದುಬೀಳುವ ವ್ಯವಹಾರಗಳೂ ಇವೆ. ಈ ಫೈಲನ್ನು ಏಜೆಂಟರಲ್ಲದ, ಕಮಿಷನ್ನಿನ ಹಂಗಿಲ್ಲದ ಒಬ್ಬರು ಓದಿ ಸಹಿ ಹಾಕಬೇಕು. ಮಾರಾಟವಾದರೆ ಮಾತ್ರ ಹಣ ಸಿಗುವವರ ಕಣ್ಣಿಗೆ ಕೊರತೆ ಕಾಣುವುದು ಕಷ್ಟ. ಈ ಒಬ್ಬರ ಸಂಬಳ ಉಳಿಸಲು ಹೋಗಿ ಸ್ವಾಗತ ಕೋಣೆಯಲ್ಲಿ ಮೀನಿನ ತೊಟ್ಟಿ ಇಟ್ಟ ಕಚೇರಿಯ ಬಗ್ಗೆ ಹೇಳುವುದೇನೂ ಉಳಿದಿಲ್ಲ.

ಪಾರ್ಟಿಗಳು ಕೊಟ್ಟ ಮುಂಗಡ ಹಣಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಇರಬೇಕು, ತೆಗೆಯಲು ಇಬ್ಬರ ಸಹಿ ಬೇಕು, ತಿಂಗಳಿಗೊಮ್ಮೆ ಬ್ಯಾಂಕಿನ ಲೆಕ್ಕದೊಡನೆ ತಾಳೆ ನೋಡಬೇಕು. ಕಚೇರಿಯ ಖರ್ಚಿನ ಖಾತೆಗೇ ಅದನ್ನೂ ಸುರಿದರೆ ಒಬ್ಬರ ಮುಂಗಡ ಇನ್ನೊಬ್ಬರ ಸಂಬಳವಾಗುತ್ತದೆ. ವ್ಯವಹಾರ ಮುರಿದು ಹಣ ವಾಪಸ್ ಕೇಳಿದ ದಿನ ಪಾರ್ಟಿ ಕೂಗಾಡುವುದು ಏಜೆಂಟರ ಮನೆ ಬಾಗಿಲಲ್ಲಿ. ಏಜೆಂಟರ ಪಾಲು, ಕಚೇರಿಗೆ ಹಣ ಬಂದ 5 ಕೆಲಸದ ದಿನಗಳೊಳಗೆ, ಕಡಿತಗಳ ವಿವರದ ಚೀಟಿಯೊಂದಿಗೆ ಬರಬೇಕು.

ಜಾಗದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 20 ಏಜೆಂಟರಿಗೆ 20 ಮೇಜು ದಂಡ. ಅವರು ಹೊರಗಿದ್ದರೇ ಕೆಲಸ, 8–10 ಮೇಜು ಧಾರಾಳ. ಬೀಗವಿರುವ ಖಾನೆ ಮಾತ್ರ ಪ್ರತಿಯೊಬ್ಬರಿಗೂ ಬೇಕು. ಬಾಗಿಲು ಮುಚ್ಚುವ ಎರಡು ಮಾತುಕತೆ ಕೋಣೆಗಳಿರಲಿ, ಕೊಳ್ಳುವವರೂ ಮಾರುವವರೂ ಒಂದೇ ಹೊತ್ತಿಗೆ ಬರುವುದುಂಟು. ಕೋಣೆಯ ಗೋಡೆ ಫಾಲ್ಸ್ ಸೀಲಿಂಗ್‌ಗೆ ನಿಲ್ಲದೆ ಮೇಲಿನ ನಿಜವಾದ ಛಾವಣಿ ಮುಟ್ಟಬೇಕು. ಇಲ್ಲದಿದ್ದರೆ ಮಾತು ಮೇಲಿನಿಂದ ದಾಟಿ, ಮಾರುವವರು ಇಳಿಯಲು ಸಿದ್ಧವಿರುವ ಬೆಲೆ ಪಕ್ಕದ ಕೋಣೆಗೆ ಕೇಳಿಸುತ್ತದೆ. ಪತ್ರ ಓದುವ ಮೇಜಿನ ಮೇಲೆ 500 ಲಕ್ಸ್ (ಬೆಳಕಿನ ಅಳತೆ) ಬೆಳಕು, ಕಾಗದವನ್ನು ತಾನೇ ಎಳೆದುಕೊಂಡು ಎರಡೂ ಬದಿ ಪ್ರತಿ ತೆಗೆಯುವ ಸ್ಕ್ಯಾನರ್, ಕೈಕೊಟ್ಟರೆ ಇರಲೆಂದು ಇನ್ನೊಂದು ಇಂಟರ್ನೆಟ್ ಸಂಪರ್ಕ. ಸ್ಕ್ಯಾನರ್ ಏಕೆಂದರೆ, ಮೊಬೈಲಿನಲ್ಲಿ ತೆಗೆದ ದಾಖಲೆಯ ಫೋಟೊದಲ್ಲಿ ಅಂಚಿನ ಮುದ್ರೆಗಳೇ ನೆರಳಿಗೆ ಸಿಕ್ಕಿ ಓದಲಾಗದಂತಾಗುತ್ತವೆ.

ಕೀಲಿಕೈಗಳ ಹಲಗೆಯನ್ನು ಒಮ್ಮೆ ನೋಡಿ, ಕಚೇರಿಯ ಶಿಸ್ತು ಅಲ್ಲೇ ಕಾಣುತ್ತದೆ. ಕೀಲಿಗೆ ಮನೆಯ ವಿಳಾಸದ ಚೀಟಿ ಕಟ್ಟಿದ್ದರೆ, ಬಿದ್ದುಹೋದ ದಿನ ಅದು ಕಳ್ಳನಿಗೆ ಕೊಟ್ಟ ಆಹ್ವಾನ. ಸಂಖ್ಯೆ ಮಾತ್ರ ಇರಬೇಕು, ಸಂಖ್ಯೆಗೆ ವಿಳಾಸ ಹೇಳುವ ಪುಸ್ತಕ ಬೇರೆ ಕಡೆ ಬೀಗದಲ್ಲಿರಬೇಕು. ಯಾರು, ಎಷ್ಟು ಹೊತ್ತಿಗೆ ಒಯ್ದರು, ತಂದರು ಎಂಬ ಸಹಿ ಇರಬೇಕು. ಅಪರಿಚಿತರಿಗೆ ಖಾಲಿ ಮನೆ ತೋರಿಸುವ ಮುನ್ನ ಮೊದಲ ಭೇಟಿ ಕಚೇರಿಯಲ್ಲೇ ಆಗಿ ಗುರುತಿನ ಚೀಟಿಯ ಪ್ರತಿ ಉಳಿಯಬೇಕು. ವಾಪಸ್ ಬರುವ ಹೊತ್ತು ಮೀರಿದರೆ ಕರೆ ಮಾಡಬೇಕಾದವರು ಯಾರೆಂದು ಗೊತ್ತಿರಬೇಕು. ಒಂಟಿಯಾಗಿ ಹೋಗುವ ಮಹಿಳಾ ಏಜೆಂಟರು ಇದನ್ನು ಮೊದಲ ದಿನವೇ ಕೇಳಲಿ.

ತರಬೇತಿ ಎಂದರೆ ಹುರಿದುಂಬಿಸುವ ಭಾಷಣ ಎಂದುಕೊಂಡ ಕಚೇರಿಗಳು ಬಹಳ. ಹೊಸಬರು ಮೊದಲ 90 ದಿನ ಅನುಭವಿಗಳ ಬೆನ್ನಿಗಿದ್ದು, ಕನಿಷ್ಠ ಎರಡು ವ್ಯವಹಾರಗಳನ್ನು ಮೊದಲ ಕರೆಯಿಂದ ಕೊನೆಯ ಸಹಿವರೆಗೆ ನೋಡಿದರೆ ಸಾಕಷ್ಟು ಕಲಿಯುತ್ತಾರೆ. ಹೀಗೆ ಜೊತೆಗೊಯ್ದು ಕಲಿಸಿದವರಿಗೂ ಆ ವ್ಯವಹಾರದಲ್ಲಿ ಪಾಲು ಗೊತ್ತುಮಾಡಿರಬೇಕು. ಪುಕ್ಕಟೆಯಾಗಿ ತಮ್ಮ ಎದುರಾಳಿಯನ್ನು ಬೆಳೆಸುವವರು ಕಡಿಮೆ.

ಕೊನೆಗೆ ಬಿಟ್ಟುಹೋಗುವ ಷರತ್ತು. ಅರ್ಧದಲ್ಲಿರುವ ವ್ಯವಹಾರದ ಕಮಿಷನ್ ಬಿಟ್ಟುಹೋದವರಿಗೆ ಎಷ್ಟು, ಅವರೇ ತಂದ ಪಾರ್ಟಿಗಳ ಪಟ್ಟಿ ಯಾರದು, ಜಾಹೀರಾತಿನಲ್ಲಿ ಅಚ್ಚಾದ ಫೋನ್ ನಂಬರ್ ಯಾರ ಬಳಿ ಉಳಿಯುತ್ತದೆ? ಸೇರುವ ದಿನ ಇದನ್ನು ಕೇಳಲು ಸಂಕೋಚವಾಗುತ್ತದೆ. ಬಿಡುವ ದಿನ ಕೇಳಿದರೆ ಉಪಯೋಗವಿಲ್ಲ.

ತಮ್ಮಲ್ಲಿ ಒಂದು ಕೋರಿಕೆ: ಕಮಿಷನ್ನಿನ ಶೇಕಡಾವಾರು ಹಾಕಿ ಏಜೆಂಟರನ್ನು ಕರೆಯುವ ಜಾಹೀರಾತುಗಳಲ್ಲಿ ಅದರ ಪಕ್ಕದಲ್ಲೇ ತಿಂಗಳ ಶುಲ್ಕ ಮತ್ತು ಲೀಡ್ ಕಡಿತವನ್ನೂ ನಮೂದಿಸುವಂತೆ ತಮ್ಮ ವರ್ಗೀಕೃತ ವಿಭಾಗ ಕೇಳಲಿ. ಹೆಚ್ಚೆಂದರೆ ಒಂದು ಸಾಲು ಉದ್ದವಾದೀತು.

ಇತಿ,
ಆಸ್ತಿ ವ್ಯವಹಾರ ಬಲ್ಲ ಓದುಗರು