ಸೋಮವಾರದಿಂದ ಟೆಸ್ಟ್‌ಗಳಿಗೆ ಮಾಕ್ ಸರ್ವರ್

ಎಲ್ಲರಿಗೂ ನಮಸ್ಕಾರ. ಸೋಮವಾರ ಬೆಳಿಗ್ಗೆ 10ರಿಂದ ನಮ್ಮ ಆಟೊಮೇಟೆಡ್ ಟೆಸ್ಟ್‌ಗಳು ಹೊರಗಿನ ಪೇಮೆಂಟ್ ಸರ್ವಿಸ್‌ ಅನ್ನು ನೇರವಾಗಿ ಕರೆಯುವುದಿಲ್ಲ. ಅದರ ಬದಲು ಮಾಕ್ ಸರ್ವರ್ (ಅದರಂತೆಯೇ ನಟಿಸುವ ನಕಲಿ ಸರ್ವರ್) ಉತ್ತರ ಕೊಡುತ್ತದೆ. ಆರ್ಡರ್, ಬಿಲ್ಲಿಂಗ್ ಕೋಡ್ ಮುಟ್ಟುವ ಎಲ್ಲರೂ ಗಮನಿಸಿ.

ಕಳೆದ ವಾರ ಪೇಮೆಂಟ್ ಸರ್ವಿಸ್‌ನಿಂದ 429 (ಕರೆಗಳು ಮಿತಿ ಮೀರಿವೆ ಎಂಬ ಎರರ್ ಕೋಡ್) ಬರುತ್ತಿತ್ತು. ನಾವು ಸುಮ್ನೆ ನಮ್ಮ ಕೋಡ್‌ನಲ್ಲಿ ತಪ್ಪು ಹುಡುಕುತ್ತಾ ಅರ್ಧ ದಿನ ಕಳೆದೆವು. (ಜಾಸ್ತಿ ಹುಡುಕಿದ್ದು ನಾನೇ.)

ಸೋಮವಾರದೊಳಗೆ ಮೇನ್ ಬ್ರಾಂಚ್ ಪುಲ್ ಮಾಡಿಕೊಳ್ಳಿ. ಟೆಸ್ಟ್ ಕಾನ್ಫಿಗ್‌ನಲ್ಲಿ ಸರ್ವಿಸ್ ವಿಳಾಸ ಬದಲಿಸಿ ಮಾಕ್ ಸರ್ವರ್‌ದು ಹಾಕಿ. ಟೆಸ್ಟ್‌ಗಳಲ್ಲಿ ಉಳಿದಿರುವ ಪೇಮೆಂಟ್ ಸರ್ವಿಸ್‌ನ ನಿಜವಾದ ಕೀಗಳನ್ನು ತೆಗೆದುಬಿಡಿ.

ರೀಟ್ರೈ ಬಗ್ಗೆ ಒಂದು ಮಾತು. 429 ಅಥವಾ 503 (ಸರ್ವಿಸ್ ಸದ್ಯಕ್ಕೆ ಲಭ್ಯವಿಲ್ಲ) ಬಂದರೆ ಉತ್ತರದಲ್ಲಿ ರೀಟ್ರೈ-ಆಫ್ಟರ್ ಹೆಡರ್ (ಎಷ್ಟು ಹೊತ್ತು ಬಿಟ್ಟು ಮತ್ತೆ ಕಳಿಸಬೇಕು ಎಂಬ ಸೂಚನೆ) ಇದೆಯಾ ನೋಡಿ, ಇದ್ದರೆ ಅಷ್ಟು ಹೊತ್ತು ಕಾಯಿರಿ. 400 ಬಂದರೆ ಮತ್ತೆ ಕಳಿಸಿ ಪ್ರಯೋಜನವಿಲ್ಲ, ನಾವು ಕಳಿಸಿದ್ದೇ ತಪ್ಪು ಅಲ್ವಾ. ಟೈಮ್‌ಔಟ್ ಆದಾಗ ಮಾತ್ರ ಹುಷಾರು. ನಮಗೆ ಉತ್ತರ ಬರದಿದ್ದರೂ ಆ ಕಡೆ ಹಣ ಕಟ್ ಆಗಿರಬಹುದು. ಹಾಗಾಗಿ ಪ್ರತಿ ಪೋಸ್ಟ್ (POST) ಕರೆಗೂ ಐಡೆಂಪೊಟೆನ್ಸಿ ಕೀ (ಒಂದೇ ಕರೆ ಎರಡು ಸಲ ಬಂದರೂ ಒಮ್ಮೆ ಮಾತ್ರ ಹಣ ಕಟ್ ಆಗಲೆಂದು ಕೊಡುವ ಗುರುತು) ಇರಲಿ. ಎರಡನೇ ಸಲ ಕಳಿಸುವಾಗಲೂ ಅದೇ ಕೀ, ಹೊಸದಲ್ಲ.

ಮಾಕ್ ಹಳೆಯದಾಗಿಬಿಟ್ಟರೆ ಗೊತ್ತಾಗಲಿ ಅಂತ ದಿನಾ ರಾತ್ರಿ ಸ್ಯಾಂಡ್‌ಬಾಕ್ಸ್ (ಪೇಮೆಂಟ್ ಸರ್ವಿಸ್‌ನ ಪರೀಕ್ಷಾ ಆವೃತ್ತಿ) ಮೇಲೆ ಕಾಂಟ್ರಾಕ್ಟ್ ಟೆಸ್ಟ್ (ಎರಡರ ಉತ್ತರಗಳ ರೂಪ ಹೊಂದುತ್ತದೆಯೇ ಎಂಬ ಪರೀಕ್ಷೆ) ಓಡುತ್ತದೆ.

ಮುಗಿಸಿದವರು ಶುಕ್ರವಾರ ಸಂಜೆಯೊಳಗೆ ಇಲ್ಲೇ ‘ಆಯ್ತು’ ಎಂದು ಹಾಕಿ. ಎಲ್ಲಾದರೂ ಸಿಕ್ಕಿಕೊಂಡರೆ ಎರರ್ ಲಾಗ್ ಸಮೇತ ಕಳಿಸಿ, ಬರೀ ‘ಆಗ್ತಿಲ್ಲ’ ಬೇಡ.