ಪಂಚಮಿಯೊಳಗೆ ತಾಯಂದಿರ ಕೋಣೆಗೆ ಸೂರು: ದೇಣಿಗೆ ಮನವಿ

ಮಾನ್ಯ ದಾನಿಗಳಲ್ಲಿ ಹಾಗೂ ನಮ್ಮ ಹಳೆಯ ಹಿತೈಷಿಗಳಲ್ಲಿ ವಿನಂತಿ,

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನಲ್ಲಿ, ಬಸುರಿ ಬಾಣಂತಿಯರಿಗೆ ಎದೆಹಾಲೂಡಿಸುವ ಪಾಠ ಹೇಳಿ ಕೂಸುಗಳ ತೂಕ ನೋಡುವ ನಮ್ಮ ಟ್ರಸ್ಟಿನ ತಾಯಂದಿರ ಕೋಣೆಯನ್ನು ನೀವು ಬಲ್ಲಿರಿ. ನಿಮ್ಮಲ್ಲಿ ಕೆಲವರ ಮನೆಯ ಹೆಣ್ಣುಮಕ್ಕಳೇ ಅಲ್ಲಿ ಕುಳಿತು ಎದ್ದವರು. ಮುಂಗಾರಿನ ಮೊದಲ ಬಿರುಗಾಳಿಗೆ ಆ ಕೋಣೆಯ ತಗಡಿನ ಚಾವಣಿ ಅರ್ಧ ಹಾರಿಹೋಯಿತು, ಉಳಿದರ್ಧ ಸೋರುತ್ತಿದೆ. ಆ ರಾತ್ರಿಯ ಮಳೆಗೆ ಕೂಸುಗಳ ತೂಕದ ಯಂತ್ರ ಕೆಟ್ಟಿತು, ಪಾಠಕ್ಕೆ ಬಳಸುತ್ತಿದ್ದ ಚಿತ್ರಪಟಗಳು ತೊಯ್ದು ಹರಿದವು. ಮರುದಿನ ನಮ್ಮ ಕಾರ್ಯಕರ್ತೆಯರು ತೂಕದ ದಾಖಲೆ ಪುಸ್ತಕಗಳನ್ನು ಬಿಚ್ಚಿ, ಹಾಳೆಗಳನ್ನು ಕಟ್ಟೆಯ ಮೇಲೆ ಬಿಸಿಲಿಗೆ ಹರವಿ, ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಕಲ್ಲಿಟ್ಟು ಕಾಯುತ್ತ ಕುಳಿತಿದ್ದರು. ಶಾಯಿ ಹರಡಿ ಅನೇಕ ಮಕ್ಕಳ ತೂಕ ಓದಲಾಗದಂತಾಗಿದೆ.

ಈ ಕೋಣೆ ನಾಗರಪಂಚಮಿಯೊಳಗೆ ಸಿದ್ಧವಾಗಲೇಬೇಕು. ಆಗಸ್ಟ್ 1ರಿಂದ 7ರವರೆಗೆ ವಿಶ್ವ ಸ್ತನ್ಯಪಾನ ಸಪ್ತಾಹ. ಶ್ರಾವಣದ ಪಂಚಮಿಯೂ ಅದರ ಆಸುಪಾಸಿನಲ್ಲಿಯೇ ಬರುತ್ತದೆ. ಆಗ ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿಗೆ ಬಂದಿರುತ್ತಾರೆ. ಬಸುರಿ, ಬಾಣಂತಿ, ಅವಳ ತಾಯಿ, ಅಜ್ಜಿ ಎಲ್ಲರೂ ಒಂದೇ ಮನೆಯಲ್ಲಿ ಸಿಗುವುದು ವರ್ಷದಲ್ಲಿ ಅದೊಂದೇ ಸಲ. ಬಾಣಂತನದ ಮನೆಯಲ್ಲಿ ಕೂಸಿಗೆ ಏನು ಕುಡಿಸಬೇಕೆಂದು ತೀರ್ಮಾನಿಸುವವರು ಹಿರಿಯರೇ ಆದ್ದರಿಂದ, ಹೆತ್ತವಳೊಬ್ಬಳಿಗೆ ಪಾಠ ಹೇಳಿದರೆ ಅರ್ಧ ಕೆಲಸವೂ ಆಗುವುದಿಲ್ಲ ಎಂಬುದು ನಮ್ಮ ಅನುಭವ. ದಸರೆ ದೀಪಾವಳಿ ಮುಗಿದರೆ ತಾಂಡಾಗಳ ಕುಟುಂಬಗಳು ಕೂಸುಗಳನ್ನು ಕಟ್ಟಿಕೊಂಡು ಬೆಂಗಳೂರು, ಮುಂಬಯಿಗಳ ಕಟ್ಟಡ ಕೆಲಸಕ್ಕೆ ಹೊರಟುಬಿಡುತ್ತವೆ. ಬಳಿಕ ಅವರು ನಮಗೆ ಸಿಗುವುದು ಮುಂದಿನ ಬಿತ್ತನೆಯ ಹೊತ್ತಿಗೆ.

ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು. ಇಷ್ಟು ವರ್ಷಗಳ ನಂತರವೂ, ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಐದು ವರ್ಷದೊಳಗಿನ ನಮ್ಮ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ತಾಯಿಯ ರಕ್ತಹೀನತೆ, ಎಳೆಯ ವಯಸ್ಸಿನ ಮದುವೆ, ಒಂದರ ಬೆನ್ನಿಗೆ ಒಂದು ಹೆರಿಗೆ, ಹೊಟ್ಟೆ ತುಂಬದ ಊಟ ಇವೆಲ್ಲ ಅದಕ್ಕೆ ಕಾರಣ. ಇವುಗಳ ಜೊತೆಗೆ, ಖರ್ಚೇ ಇಲ್ಲದೆ ಸರಿಪಡಿಸಬಹುದಾದ ತಪ್ಪುಗಳೂ ಇವೆ. ಮೊದಲ ಮೂರು ದಿನದ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುತ್ತಾರೆ. ಅದರ ಬದಲು ಸಕ್ಕರೆ ನೀರು, ಜೇನುತುಪ್ಪ ನೆಕ್ಕಿಸುತ್ತಾರೆ. ರೋಗನಿರೋಧಕ ಶಕ್ತಿ ತುಂಬಿರುವುದು ಆ ಹಳದಿ ಹಾಲಿನಲ್ಲಿಯೇ. ನಮ್ಮ ಬೇಸಿಗೆ 40 ಡಿಗ್ರಿ ದಾಟುವಾಗ ಕೂಸಿಗೆ ನೀರಡಿಕೆಯಾಗುತ್ತದೆಂದು ಬಿಂದಿಗೆಯ ನೀರನ್ನು ಕುಡಿಸುವುದೂ ಉಂಟು; ಎದೆಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರೇ ಇರುವುದರಿಂದ ಆರು ತಿಂಗಳವರೆಗೆ ಬೇರೆ ನೀರು ಬೇಕಾಗಿಲ್ಲ, ಆ ನೀರಿನಿಂದಲೇ ವಾಂತಿಭೇದಿ ಹಿಡಿಯುತ್ತದೆ.

ಕಳೆದ ವರ್ಷ ಒಬ್ಬ ಅಜ್ಜಿ ಎರಡು ದಿನದ ಮೊಮ್ಮಗಳನ್ನೂ ಬಾಣಂತಿ ಮಗಳನ್ನೂ ಕರೆದುಕೊಂಡು ಬಂದಿದ್ದರು. ನಮ್ಮ ಕಾರ್ಯಕರ್ತೆ ತಾಯಿಯ ಹಾಲನ್ನು ಸ್ಟೀಲ್ ಚಮಚೆಗೆ ಹಿಂಡಿಸಿದಾಗ, ಚಮಚೆಯ ತಳ ಮುಚ್ಚುವಷ್ಟು ಹಳದಿ ಹಾಲು ಬಂತು. "ಇಷ್ಟ್ ಹಾಲಿಗಿ ಕೂಸಿನ ಹೊಟ್ಟಿ ತುಂಬ್ತದೇನ್ರೀ?" ಎಂದು ಅಜ್ಜಿ ಕೇಳಿದರು. "ಯವ್ವಾ, ಈಗ ಅದಕ್ಕ ಒಂದ್ ಸಲಕ್ಕ ಇಷ್ಟೇ ಸಾಕು, ಮತ್ತ ಮತ್ತ ಎದಿಗಿ ಹಚ್ಚಬೇಕು" ಎಂದು ಕಾರ್ಯಕರ್ತೆ ಹೇಳಿದಳು. ಅಜ್ಜಿ ಆ ಚಮಚೆಯನ್ನು ತಾವೇ ಹಿಡಿದು ಒಂದು ಹನಿಯೂ ಚೆಲ್ಲದಂತೆ ಕುಡಿಸಿದರು. ಈಗ ಆ ಓಣಿಯಲ್ಲಿ ಯಾರ ಹೆರಿಗೆಯಾದರೂ ಮೊದಲು ಹೋಗಿ ಹೇಳುವವರು ಅವರೇ.

ನಮ್ಮ ಟ್ರಸ್ಟು ಎಂದೂ ಬರಿಯ ಭಾಷಣ ಮಾಡಿದ್ದಲ್ಲ. ಬಸುರಿಯರಿಗೆ ಸಾಮೂಹಿಕ ಕುಬಸ (ಸೀಮಂತ) ಮಾಡಿ, ಉಡಿ ತುಂಬುವಾಗಲೇ ಹುಟ್ಟಿದ ಒಂದು ಗಂಟೆಯೊಳಗೆ ಹಾಲೂಡಿಸುವ ಮಾತು ತೆಗೆದುಕೊಂಡಿದ್ದೇವೆ. ಹತ್ತಿ ಬಿಡಿಸುವ ಕೂಲಿಗೆ ಹೋದ ತಾಯಂದಿರಿಗೆ, ಎದೆ ಕಲ್ಲಾಗಿ ನೋಯುವ ಹೊತ್ತಿಗೆ ಕೂಸನ್ನು ಹೊಲದ ಬದುವಿಗೇ ಒಯ್ದು ಕೊಟ್ಟಿದ್ದೇವೆ. ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ಆರಂಭವಾದಾಗ, ಅಂಗನವಾಡಿಗೆ ಬಂದು ಉಣ್ಣಲು ನಾಚುತ್ತಿದ್ದ ಬಾಣಂತಿಯರನ್ನು ಮನೆಮನೆಗೆ ಹೋಗಿ ಕರೆತಂದವರು ನಮ್ಮವರು. ಆರು ತಿಂಗಳು ತುಂಬಿದ ಕೂಸಿಗೆ ತೊಗರಿಬೇಳೆ, ಅನ್ನ, ತುಪ್ಪ ಕಲಸಿ ಉಣಿಸುವುದನ್ನೂ, ಎರಡು ವರ್ಷದವರೆಗೆ ಎದೆಹಾಲು ಬಿಡಿಸದಿರುವುದನ್ನೂ ಕಲಿಸಿದ್ದೇವೆ. ಶಿಶು ಹಾಲಿನ ಪುಡಿಯ ಜಾಹೀರಾತನ್ನು 1992ರ ಕಾಯ್ದೆಯೇ ನಿಷೇಧಿಸಿದೆ. ಅಂತಹ ಕಂಪನಿಗಳಿಂದ ನಾವು ಇದುವರೆಗೆ ಬಿಡಿಗಾಸೂ ಮುಟ್ಟಿಲ್ಲ, ಮುಂದೆಯೂ ಮುಟ್ಟುವುದಿಲ್ಲ. ಆದ್ದರಿಂದಲೇ ನಿಮ್ಮ ಮುಂದೆ ಸೆರಗೊಡ್ಡಿದ್ದೇವೆ.

ಚಾವಣಿ ಮತ್ತು ಗೋಡೆಯ ದುರಸ್ತಿಗೆ ಅಂದಾಜು 4 ಲಕ್ಷ ರೂಪಾಯಿ, ತೂಕದ ಯಂತ್ರಗಳು ಹಾಗೂ ಚಿತ್ರಪಟಗಳಿಗೆ ಅರ್ಧ ಲಕ್ಷದಷ್ಟು ಬೇಕಾಗಬಹುದು. ತಗಡು, ಕಬ್ಬಿಣ, ಸಿಮೆಂಟು ಕೊಡುವವರಿದ್ದರೆ ಅದನ್ನೂ ಸ್ವೀಕರಿಸುತ್ತೇವೆ. ಪ್ರತಿಯೊಂದಕ್ಕೂ ಕಚೇರಿಯಲ್ಲಿ ರಸೀದಿ ಸಿಗುತ್ತದೆ. ಆಷಾಢ ಮುಗಿಯುವುದರೊಳಗೆ ಹಣ ಕೈಸೇರಿದರೆ ಮಾತ್ರ ಕೆಲಸ ಮುಗಿಸಬಲ್ಲೆವು. ಸದ್ಯಕ್ಕೆ ತಾಯಂದಿರನ್ನು ಅಂಗಳದ ಬೇವಿನ ಮರದಡಿ ಕೂರಿಸುತ್ತಿದ್ದೇವೆ, ಮಳೆ ಬಂದ ದಿನ ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸುತ್ತಿದ್ದೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ಟ್ರಸ್ಟಿನ ಧರ್ಮದರ್ಶಿಗಳು
ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ